ಪಿಯುಸಿ ಮುಗಿದ ಮೇಲೆ ತಮ್ಮ ಮನೆಯಲ್ಲೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಿಸಿಲೂರ ಅಕ್ಕ · ಕಲಬುರಗಿ · ರವಿವಾರ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ನನ್ನ ತಮ್ಮನಿಗೆ 19 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಎರಡೂ ಕಾಲು ಬಿಗಿ, ಎಡಗೈ ಹೇಳಿದ ಮಾತು ಕೇಳುವುದಿಲ್ಲ, ಮಾತು ನಿಧಾನ. ತಲೆ ಮಾತ್ರ ನನಗಿಂತ ಚುರುಕು. ಓಡಾಟಕ್ಕೆ ಗಾಲಿ ಕುರ್ಚಿ. ಹೋದ ವರ್ಷ ಪಿಯುಸಿ ಮುಗಿಯಿತು. ಅಲ್ಲಿಂದ ಮನೆಯಲ್ಲೇ ಇದ್ದಾನೆ.

ಕಾಲೇಜು ಇದ್ದಾಗ ಬೆಳಿಗ್ಗೆ ಆಟೋ ಬರುತ್ತಿತ್ತು, ಜೊತೆಗೆ ಹುಡುಗರಿದ್ದರು. ಅವರೆಲ್ಲ ಈಗ ಪುಣೆ, ಹೈದರಾಬಾದ್, ಬೆಂಗಳೂರು ಅಂತ ಹೋದರು. ಮೊದಮೊದಲು ದಿನಾ ಮೆಸೇಜ್ ಬರುತ್ತಿತ್ತು. ಈಗ ಹುಟ್ಟುಹಬ್ಬಕ್ಕೆ ಒಂದು ಕೇಕಿನ ಚಿತ್ರ, ಅಷ್ಟೆ.

ಹೋದ ವಾರ ನಮ್ಮ ಕಾಕಾನ ಮಗಳ ಲಗ್ನ. ಕಾರ್ಡಿನಲ್ಲಿ ಸಹಕುಟುಂಬ ಸಹಪರಿವಾರ ಅಂತಿತ್ತು. ಲಗ್ನದ ಹಿಂದಿನ ದಿನ ಕಾಕು ಫೋನ್ ಮಾಡಿ, "ಅಂವನ್ನ ಕರಕೊಂಡು ಬಂದ್ರ ನಿಮಗೇ ತ್ರಾಸ ಆಗ್ತದವ್ವಾ, ಮನ್ಯಾಗ ಯಾರರ ಒಬ್ಬರು ಇರ್ರಿ" ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಪ್ರೀತಿಯಿಂದಲೇ. ಅಪ್ಪ ಮನೆಯಲ್ಲಿ ಉಳಿದರು. ನಾವು ಡಬ್ಬಿಯಲ್ಲಿ ಬೂಂದಿ ಲಾಡು ತಂದೆವು. ಅವನು ತಿನ್ನುತ್ತಾ "ಯಾರ್ಯಾರು ಬಂದಿದ್ರು?" ಅಂತ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೆನ್ಷನ್ ಆಗಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ. ನನ್ನ ಪ್ರಶ್ನೆ ಅದಲ್ಲ. ಜನರ ಜೊತೆ ಬೆರೆಯೋಕೆ ನಿಮಗೆ, ನಿಮ್ಮ ಮನೆಯವರಿಗೆ ಏನು ಕೆಲಸ ಮಾಡಿತು? ಏನು ಅಡ್ಡ ಬಂತು? ಖರೇ ಹೇಳಿ.

ಸುಮ್ನೆ ಓದುವವ

ಒಳ್ಳೆ ಮೊಬೈಲ್ ಕೊಡಿಸಿ ಅಕ್ಕಾ. ಈಗ ಎಲ್ಲರೂ ಅಲ್ಲೇ ಇರೋದು.

ಬಿಸಿಲೂರ ಅಕ್ಕ

ಮೊಬೈಲ್ ಇದೆ ಅಣ್ಣಾ. ಅದರಲ್ಲಿ ಬೇರೆಯವರ ಜಾತ್ರೆ, ಬೇರೆಯವರ ಲಗ್ನ ನೋಡಿಕೊಂಡು ಕೂತಿರುತ್ತಾನೆ.

ನಾಲ್ಕು ಗಾಲಿ · ಯಾದಗಿರಿ

ಅಕ್ಕಾ, ನನಗೆ 27. ಚಿಕ್ಕವನಿದ್ದಾಗ ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಏನೂ ಇಲ್ಲ. ಈಗ ಡೇಟಾ ಎಂಟ್ರಿ ಕೆಲಸ. ನಾನು ಮನೆಯಿಂದಲೇ ಶುರು ಮಾಡುತ್ತೇನೆ, ಯಾಕಂದ್ರೆ ಜನ ಊರಿನ ರಸ್ತೆ ಬೈತಾರೆ, ಮನೆ ಮುಂದಿನ ಮೆಟ್ಟಿಲು ನೋಡೋದಿಲ್ಲ.

ನಮ್ಮ ಕಡೆ ಮನೆ ಅಂದ್ರೆ ಎತ್ತರದ ಕಟ್ಟೆ, ಮೇಲೆ ಶಹಾಬಾದ್ ಫರಸಿ. ಮಳೆ ನೀರು ಒಳಗೆ ಬರಬಾರದು ಅಂತ ಹಿರಿಯರು ಎರಡು ಅಡಿ ಎತ್ತರಿಸಿದರು. ಅದು ಸರಿಯೇ. ಆದರೆ ಇಳಿಜಾರಿನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದಡಿ ಏರೋಕೆ 12 ಅಡಿ ಉದ್ದ ಬೇಕು. ಎರಡಡಿಗೆ 24 ಅಡಿ. ಅಷ್ಟು ಜಾಗ ಯಾರ ಅಂಗಳದಲ್ಲಿದೆ? ಅದಕ್ಕೇ ಮಂದಿ ಏನು ಮಾಡ್ತಾರೆ ಅಂದ್ರೆ ಆರಡಿಯಲ್ಲಿ ಮುಗಿಸಿಬಿಡ್ತಾರೆ. ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ನಾನು ಹೋಗುವ ಒಂದು ಕಚೇರಿಯಲ್ಲಿ ಅಂಥದ್ದೇ ಇದೆ, ಅದರ ಮೇಲೆ ಪಾಲಿಶ್ ಕಲ್ಲು ಬೇರೆ. ಉದ್ಘಾಟನೆ ದಿನ ನನ್ನನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆದರು. ಹಿಂದಿನಿಂದ ಇಬ್ಬರು ಹಿಡಿದುಕೊಂಡಿದ್ದು ಫೋಟೋದಲ್ಲಿ ಕಾಣೋದಿಲ್ಲ.

ನಮ್ಮ ಮನೆಯಲ್ಲಿ ಮುಂಬಾಗಿಲು ಬಿಟ್ಟು ಹಿತ್ತಲ ಬಾಗಿಲು ಹಿಡಿದೆವು. ಅಲ್ಲಿ ಎತ್ತರ ಬರೀ ಎಂಟು ಇಂಚು. ಎಂಟಡಿಯ ಇಳಿಜಾರು ಕಟ್ಟಿಸಿದೆವು. ಕಲ್ಲು ಹಾಕಬೇಡ, ಒರಟು ಸಿಮೆಂಟ್ ಇರಲಿ, ಅದರ ಮೇಲೆ ಅಡ್ಡಡ್ಡ ಗೀರು ಎಳಿ ಅಂತ ಗೌಂಡಿಗೆ ಹೇಳಿದೆ. ಅಷ್ಟೇ ನೋಡಿ, ಬದುಕು ಬದಲಾಯಿತು. ಯಾಕೆ ಗೊತ್ತಾ? ಈಗ ಹೊರಗೆ ಹೋಗಬೇಕು ಅಂದ್ರೆ ಯಾರನ್ನೂ ಕೇಳಬೇಕಾಗಿಲ್ಲ. ಮೊದಲು ಹಾಗಿರಲಿಲ್ಲ. ಸುಮ್ನೆ ಬೇಜಾರಾಗಿ ಹೊರಗೆ ಹೋಗಬೇಕು ಅಂದ್ರೂ ಮೂರು ಜನಕ್ಕೆ ಕಾರಣ ಹೇಳಬೇಕಿತ್ತು. ಕಾರಣ ಇಲ್ಲದೆ ಹೊರಗೆ ಹೋಗೋದು ದೊಡ್ಡ ಸುಖ ಅಕ್ಕಾ.

ಇನ್ನೊಂದು, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಹೊಡೆಯುತ್ತೆ. ಮಧ್ಯಾಹ್ನ ಗಾಲಿಯ ಕಬ್ಬಿಣದ ರಿಂಗ್ ಮುಟ್ಟಿದರೆ ಅಂಗೈ ಸುಡುತ್ತೆ. ಹನ್ನೆರಡು ಗಂಟೆಗೆ ಕಾರ್ಯಕ್ರಮ ಇಟ್ಟು "ನೀವು ಬರಲೇ ಇಲ್ಲ" ಅಂತಾರೆ. ಸಂಜೆ ಆರಕ್ಕೆ ಇಡಿ, ಬರ್ತೀನಿ.

ಸುಮ್ನೆ ಓದುವವ

ಮೊದಲು ಒಂದು ಹೇಳಿ. ಯಾವ ಪದ ಬಳಸಬೇಕು? ಅಂಗವಿಕಲ ಅಂದ್ರೆ ತಪ್ಪಾ? ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಅಂತೆಲ್ಲ ಇದೆ. ಬಾಯಿ ತೆಗೆಯೋಕೆ ಹೆದರಿಕೆ ಆಗುತ್ತೆ.

ನಾಲ್ಕು ಗಾಲಿ

ಹೆಸರು ಹಿಡಿದು ಕರೆಯಿರಿ ಅಣ್ಣಾ. ಊರಲ್ಲಿ ನನ್ನ ಹೆಸರಿನ ಮುಂದೆ ಕುಂಟ ಅಂತ ಅಂಟಿಸಿದ್ದರು. ಸಭೆಗಳಲ್ಲಿ ಈಗ ದಿವ್ಯಾಂಗ ಬಂಧು ಅಂತಾರೆ. ಎರಡೂ ಕಡೆ ನನ್ನ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಪಿ.ಟಿ. ಮಾಸ್ತರ · ಸೇಡಂ ಕಡೆ

ಅಕ್ಕ ಇಟ್ಟ ತಲೆಬರಹ ನೋಡಿ ಬರೆಯದೇ ಇರಲಾಗಲಿಲ್ಲ. ನಾನು ದೈಹಿಕ ಶಿಕ್ಷಕ, 14 ವರ್ಷದ ಸರ್ವಿಸ್. ಒಂದು ತಪ್ಪು ಒಪ್ಪಿಕೊಳ್ಳಬೇಕು.

ನಮ್ಮ ಶಾಲೆಯಲ್ಲಿ ಕಾಲಿಗೆ ಕ್ಯಾಲಿಪರ್ (ನಡೆಯೋಕೆ ಆಸರೆಯ ಪಟ್ಟಿ) ಹಾಕಿಕೊಳ್ಳುವ ಹುಡುಗ ಒಬ್ಬನಿದ್ದ. ಆಟದ ಪಿರಿಯಡ್ ಬಂದರೆ ಮರದ ಕೆಳಗೆ ಕೂತು ಎಲ್ಲರ ಚೀಲ, ಚಪ್ಪಲಿ, ವಾಚು ಕಾಯೋದು ಅವನ ಕೆಲಸ. ನಾನೇ ಕೊಟ್ಟದ್ದು. ಜವಾಬ್ದಾರಿ ಕೊಟ್ಟಿದ್ದೇನೆ ಅಂತ ನನಗೆ ಹೆಮ್ಮೆ ಬೇರೆ. ಎಂಟನೇ ಕ್ಲಾಸಿನಿಂದ ಹತ್ತರವರೆಗೆ, ಮೂರು ವರ್ಷ. ಬೀಳ್ಕೊಡುಗೆ ದಿನ ಎಲ್ಲರೂ ಮಾತಾಡಿದರು. ಅವನು ಎದ್ದು ನಿಂತು, "ಮೂರು ವರ್ಷದಾಗ ಯಾರದೂ ಒಂದು ಪೆನ್ನೂ ಕಳೀಲಿಲ್ರಿ ಸರ್" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋದ ಮೇಲೆ ಗಂಟಲಿಗೆ ಏನೋ ಸಿಕ್ಕಿಕೊಂಡ ಹಾಗಾಯಿತು.

ಆಮೇಲೆ ಬದಲಾಯಿಸಿದೆ. ದೊಡ್ಡ ವಿಜ್ಞಾನ ಏನೂ ಬೇಕಾಗಲಿಲ್ಲ. ಓಣಿ ಕ್ರಿಕೆಟ್ಟಿನಲ್ಲಿ ಕಾಲು ಉಳುಕಿದವನಿಗೆ ರನ್ನರ್ ಕೊಡ್ತಾರಲ್ಲ, ಅದೇ. ಬ್ಯಾಟ್ ಮಾಡುವವನು ಅಂಥ ಹುಡುಗ, ಓಡುವವನು ಇನ್ನೊಬ್ಬ. ಲಗೋರಿಯಲ್ಲಿ ಅಂಥವನು ಕಲ್ಲು ಜೋಡಿಸುವಾಗ ಎದುರಿನವರು ಚೆಂಡು ಹೊಡೆಯುವ ದೂರ ಹೆಚ್ಚಿಸಿದೆ. ಹುಡುಗರೇ ಆಮೇಲೆ ನಿಯಮ ಮಾಡಿಕೊಂಡರು, ನನಗಿಂತ ಚೆನ್ನಾಗಿ. ಮಕ್ಕಳು ಜಗಳ ಆಡ್ತಾ ಆಡ್ತಾ ದಾರಿ ಹುಡುಕುತ್ತಾರೆ. ನಾವು ಮಾಸ್ತರರು ಮೊದಲೇ "ನೀ ಕೂಡಪ್ಪ" ಅಂದು ಆ ಜಗಳವನ್ನೇ ಆಡಗೊಡುವುದಿಲ್ಲ.

ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಬಿಐಇಆರ್‌ಟಿ ಶಿಕ್ಷಕರು ಶಾಲೆಗೆ ಬರ್ತಾರೆ, ಒಳ್ಳೆಯದೇ. ಆದರೆ ಅವರ ಜೊತೆ ನಾವೆಲ್ಲ ಪಾಠದ ಬಗ್ಗೆ ಮಾತಾಡ್ತೇವೆ. ಆಟದ ಪಿರಿಯಡ್ ಬಗ್ಗೆ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.

ಗೆಜ್ಜೆ ಚೆಂಡು · ಕಲಬುರಗಿ, ಮೂಲ ಬೀದರ್ ಜಿಲ್ಲೆ

ನನಗೆ ಕಣ್ಣು ಕಾಣುವುದಿಲ್ಲ. ಎಂ.ಎ. ಓದುತ್ತಿದ್ದೇನೆ. ಇದನ್ನು ಟಾಕ್‌ಬ್ಯಾಕ್ (ಫೋನಿನ ಪರದೆ ಓದಿ ಹೇಳುವ ಸೌಲಭ್ಯ) ಹಾಕಿಕೊಂಡು ಟೈಪ್ ಮಾಡುತ್ತಿದ್ದೇನೆ, ಒತ್ತಕ್ಷರ ತಪ್ಪಿದರೆ ಬೈಯಬೇಡಿ.

ನಮ್ಮ ಕಡೆ ಕುರುಡು ಮಗು ಹುಟ್ಟಿತು ಅಂದ್ರೆ ಊರೆಲ್ಲ ಒಂದೇ ಮಾತು, "ಗದಗಿಗೆ ಕಳಿಸ್ರಿ, ಗವಾಯಿ ಆಗ್ತಾನ." ಪುಟ್ಟರಾಜ ಗವಾಯಿಗಳ ಬಗ್ಗೆ ನನಗೆ ಅಪಾರ ಗೌರವ. ಕಣ್ಣಿಲ್ಲದವರೇ ಕಣ್ಣಿಲ್ಲದ ಮಕ್ಕಳಿಗೆ ಊಟ, ವಿದ್ಯೆ ಕೊಟ್ಟದ್ದು ಸಣ್ಣ ಮಾತಲ್ಲ. ಅವರಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಮ್ಮಪ್ಪ ಪೇಪರ್ ಓದಿ ಹೇಳಿದ್ದರು. ಆದರೆ ನನಗೆ ಶ್ರುತಿ ಹತ್ತುವುದಿಲ್ಲ ಸ್ವಾಮಿ! ನಾನು ಹಾಡಿದರೆ ನಮ್ಮ ಎಮ್ಮೆ ಎದ್ದು ಹೋಗುತ್ತದೆ. ಯಾವುದೇ ಮನೆಗೆ ಹೋದರೂ ಚಹಾ ಬರುವ ಮೊದಲೇ "ಒಂದು ಹಾಡು ಹೇಳಪ್ಪ" ಅಂತಾರೆ. ಕಣ್ಣಿರುವ ಹುಡುಗ ಬಂದರೆ ಹಾಗೆ ಕೇಳ್ತೀರಾ? ಅವನಿಗೆ ಕೆಲಸ ಏನು, ಪಗಾರ ಎಷ್ಟು ಅಂತ ಕೇಳ್ತೀರಿ. ನನಗೂ ಅದನ್ನೇ ಕೇಳಿ, ಸಿಟ್ಟು ಬರಲಿ.

ನನಗೆ ಹಿಡಿಸಿದ್ದು ಕ್ರಿಕೆಟ್. ಚೆಂಡಿನೊಳಗೆ ಗುಂಡುಗಳಿರುತ್ತವೆ, ಉರುಳುವಾಗ ಸದ್ದು ಬರುತ್ತದೆ. ಬೌಲರ್ ಕೈ ಕೆಳಗಿನಿಂದ ಉರುಳಿಸುತ್ತಾನೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಾಣದವರು ಇರಲೇಬೇಕು. ಅವರು ಹೊಡೆದ ರನ್ನಿಗೆ ಎರಡು ಪಟ್ಟು ಲೆಕ್ಕ. ಮಾಸ್ತರ್ ಅವರೇ, ನೀವು ಹೇಳಿದ್ದು ಇದೇ ಅಲ್ವಾ, ನಿಯಮವನ್ನೇ ಹಾಗೆ ಕಟ್ಟೋದು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ನಮ್ಮ ಹುಡುಗಿಯರು ಗೆದ್ದರು. ನಾಯಕಿ ದೀಪಿಕಾ ಟಿ.ಸಿ. ನಮ್ಮ ರಾಜ್ಯದವರೇ. ಅವತ್ತು ಹಾಸ್ಟೆಲ್ಲಿನಲ್ಲಿ ಕುಣಿದದ್ದೇ ಕುಣಿದದ್ದು.

ಅಡ್ಡಿ ಏನು ಅಂದ್ರೆ, ಸಣ್ಣದು ಹೇಳ್ತೀನಿ. ಈಗ ಲಗ್ನದ ಕಾರ್ಡ್ ವಾಟ್ಸ್ಯಾಪಿನಲ್ಲಿ ಚಿತ್ರವಾಗಿ ಬರುತ್ತದೆ. ನನ್ನ ಫೋನು "ಫೋಟೋ" ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತದೆ. ಯಾರದು, ಯಾವತ್ತು, ಎಲ್ಲಿ, ಒಂದೂ ಗೊತ್ತಾಗುವುದಿಲ್ಲ. ಕಾರ್ಡಿನ ಕೆಳಗೆ ಎರಡು ಸಾಲು ಟೈಪ್ ಮಾಡಿ ಸಾಕು. ಹೋದ ವರ್ಷ ಹಾಸ್ಟೆಲ್ಲಿನ ಗೆಳೆಯನೇ ತನ್ನ ಅಕ್ಕನ ಲಗ್ನದ ಫೋಟೋ ಕಳಿಸಿ, ನಾನು ಬರಲಿಲ್ಲ ಅಂತ ಎರಡು ತಿಂಗಳು ಮಾತು ಬಿಟ್ಟಿದ್ದ.

ಬಿಸಿಲೂರ ಅಕ್ಕ

ಎಮ್ಮೆ ಮಾತಿಗೆ ತಮ್ಮ ಬಿದ್ದು ಬಿದ್ದು ನಕ್ಕ. ಪಕ್ಕದಲ್ಲೇ ಕೂತು ಓದುತ್ತಿದ್ದಾನೆ.

ಕೈಮಾತು · ಬೀದರ್

ನಾನು ಕಿವುಡಿ. ಕನ್ನಡ ನನಗೆ ಎರಡನೇ ಭಾಷೆ, ಮೊದಲನೆಯದು ಕೈ ಭಾಷೆ. ನಾಲ್ಕು ಗಾಲಿ ಅಣ್ಣನಿಗೆ ಮೆಟ್ಟಿಲು ಅಡ್ಡಿ. ನನಗೆ ಮೆಟ್ಟಿಲು ಅಡ್ಡಿ ಅಲ್ಲ, ಎಲ್ಲಿಗೆ ಬೇಕಾದರೂ ಹೋಗ್ತೇನೆ. ಹೋಗಿ ಸುಮ್ಮನೆ ಕೂರ್ತೇನೆ.

ಹಬ್ಬಕ್ಕೆ ಮನೆ ತುಂಬ ಜನ. ಎಲ್ಲರೂ ರೊಟ್ಟಿ ಬಡಿಯುತ್ತಾ ಮಾತಾಡ್ತಾರೆ, ನಗ್ತಾರೆ. ನಾನು ಅಕ್ಕನ ತೋಳು ತಟ್ಟಿ "ಏನು?" ಅಂತ ಕೇಳ್ತೇನೆ. "ಆಮೇಲೆ ಹೇಳ್ತೀನಿ" ಅಂತಾಳೆ. ಆಮೇಲೆ ಕೇಳಿದರೆ "ಏನಿಲ್ಲ, ಸುಮ್ನೆ" ಅಂತಾಳೆ. ಹತ್ತು ನಿಮಿಷದ ನಗು ನನಗೆ ಬರುವಾಗ "ಏನಿಲ್ಲ" ಆಗಿರುತ್ತದೆ. ನನ್ನ ಬಾಲ್ಯ ಪೂರ್ತಿ "ಆಮೇಲೆ ಹೇಳ್ತೀನಿ".

ಮನೆಯಲ್ಲಿ ಕೈ ಭಾಷೆ ಕಲಿತದ್ದು ಒಬ್ಬಳೇ, ನನ್ನ ತಂಗಿಯ ಮಗಳು. ಏಳು ವರ್ಷ. ಯಾರೂ ಕಲಿಸಲಿಲ್ಲ, ನನ್ನ ಜೊತೆ ಜಗಳ ಆಡೋಕೆ ಕಲಿತಳು. ದೊಡ್ಡವರಿಗೆ ಪುಸ್ತಕ ಬೇಕು, ತರಬೇತಿ ಬೇಕು, ಟೈಮ್ ಇಲ್ಲ. ಈಗ ಐಎಸ್‌ಎಲ್‌ಆರ್‌ಟಿಸಿ ಅನ್ನುವ ಸರ್ಕಾರಿ ಕೈ ಭಾಷೆ ಸಂಸ್ಥೆಯವರ ಸಂಜ್ಞೆ ನಿಘಂಟಿನಲ್ಲಿ 10,000 ಪದ ಇವೆ, ವೀಡಿಯೊ ಇದೆ, ಪುಕ್ಕಟೆ. ದಿನಕ್ಕೆ ಎರಡು ಪದ ಕಲಿತರೂ ಸಾಕು. ಚಹಾ, ರೊಟ್ಟಿ, ಬಾ, ಯಾಕೆ. "ಯಾಕೆ" ಮೊದಲು ಕಲೀರಿ.

ರವಿವಾರ ಸಂಜೆ ನಾವು ಹತ್ತು ಹನ್ನೆರಡು ಕಿವುಡ ಗೆಳೆಯ ಗೆಳತಿಯರು ಒಂದು ಕಡೆ ಸೇರ್ತೇವೆ. ದೀಪದ ಕಂಬದ ಕೆಳಗೇ ನಿಲ್ತೇವೆ, ಕತ್ತಲಾದರೆ ಮಾತು ಕಾಣೋದಿಲ್ಲ. ಕರೆಂಟ್ ಹೋದರೆ ನಮ್ಮ ಮೀಟಿಂಗ್ ಮುಗೀತು. ಮೊಬೈಲ್ ಟಾರ್ಚ್ ಹಿಡಿದು ಒಬ್ಬರ ಕೈಗೆ ಇನ್ನೊಬ್ಬರು ಬೆಳಕು ಬಿಡ್ತೇವೆ. ದಾರಿಯಲ್ಲಿ ಹೋಗುವವರು ನಿಂತು ನೋಡ್ತಾರೆ. ನೋಡಲಿ.

ಸುಮ್ನೆ ಓದುವವರು ಮೊಬೈಲ್ ಕೊಡಿಸಿ ಅಂದರು. ನಮಗೆ ಅದು ಖರೇ. ವೀಡಿಯೊ ಕಾಲ್ ಬಂದ ಮೇಲೆ ನಾನು ಮೊದಲ ಸಲ ಫೋನಿನಲ್ಲಿ ಹರಟೆ ಹೊಡೆದೆ.

ಒಬ್ಬ ತಾಯಿ · ಕಲಬುರಗಿ

ಎಲ್ಲರೂ ಓದಿದವರು, ಚೆನ್ನಾಗಿ ಬರೆದಿದ್ದೀರಿ. ನನ್ನ ಮಾತು ನಿಮಗೆ ಹಿಡಿಸಲಿಕ್ಕಿಲ್ಲ. ನನ್ನ ಮಗಳಿಗೆ 17, ಬುದ್ಧಿ ಏಳೆಂಟು ವರ್ಷದ ಮಗುವಿನ ಹಾಗೆ. ಹನ್ನೆರಡರವರೆಗೆ ಎಲ್ಲ ಕಡೆ ಕರೆದುಕೊಂಡು ಹೋಗ್ತಿದ್ದೆ. ಶರಣಬಸವೇಶ್ವರ ಜಾತ್ರೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದಳು. ದೊಡ್ಡವಳಾದ ಮೇಲೆ ನಾನೇ ಬಿಟ್ಟೆ. ಹೌದು, ನಾನೇ. ಯಾರಾದರೂ ಚಾಕಲೇಟ್ ಕೊಟ್ಟು ಬಾ ಅಂದರೆ ಹೋಗಿಬಿಡ್ತಾಳೆ. ನೀವೆಲ್ಲ ಹೊರಗೆ ಬಿಡಿ ಬಿಡಿ ಅಂತೀರಿ. ಏನಾದರೂ ಆದರೆ ನೀವು ಬರ್ತೀರಾ?

ಮತ್ತೆ ಪಾಯಖಾನೆ. ಹೆಣ್ಣುಮಕ್ಕಳ ಪ್ರಶ್ನೆ ಯಾರೂ ಎತ್ತಲಿಲ್ಲ ಇಲ್ಲಿ. ಎಲ್ಲಿಗಾದರೂ ಹೋಗುವ ದಿನ ಬೆಳಿಗ್ಗೆಯಿಂದ ಅವಳಿಗೆ ನೀರು ಕೊಡುವುದಿಲ್ಲ ನಾನು. ಈ ಬಿಸಿಲಲ್ಲಿ. ಒಳಗೆ ಇಬ್ಬರು ನಿಲ್ಲುವಷ್ಟು ಜಾಗ ಇರೋದಿಲ್ಲ, ಬಾಗಿಲು ಒಳಗೆ ತೆರೆಯುತ್ತೆ, ಚಿಲಕ ಇರೋದಿಲ್ಲ.

ಗೆಜ್ಜೆ ಚೆಂಡು

ತಾಯಿ, ನಿಮ್ಮ ಹೆದರಿಕೆ ಸುಳ್ಳಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೈಮಾತು

ನೀರು ಕುಡಿಯದೆ ಹೋಗೋದು ನನಗೂ ಗೊತ್ತು ಅವ್ವಾ. ಅದಕ್ಕೆ ಅಂಗವಿಕಲೆ ಆಗಿರಬೇಕಿಲ್ಲ, ಹೆಣ್ಣಾಗಿದ್ದರೆ ಸಾಕು. ಒಂದು ಕೇಳಲಾ? ಮಗಳನ್ನು ಯಾರ ಜೊತೆಯೂ ಬಿಡೋದಿಲ್ವಾ? ಒಬ್ಬರ ಜೊತೆಯೂ?

ಒಬ್ಬ ತಾಯಿ

ಒಬ್ಬಳಿದ್ದಾಳೆ. ಎದುರು ಮನೆಯ ಸೊಸೆ. ಪ್ರತಿ ಮಂಗಳವಾರ ಜೋಳ ಬೀಸಿಸಲು ಗಿರಣಿಗೆ ಹೋಗುವಾಗ ಇವಳನ್ನೂ ಕರೆದುಕೊಂಡು ಹೋಗ್ತಾಳೆ. ಡಬ್ಬಿಯ ಒಂದು ಕಿವಿ ಅವಳು, ಇನ್ನೊಂದು ಕಿವಿ ನನ್ನ ಮಗಳು. ಗಿರಣಿಯವನು ಹಿಟ್ಟು ಮುಟ್ಟಿ ನೋಡಲು ಇವಳಿಗೇ ಕೊಡ್ತಾನೆ, "ಸಣ್ಣಗೆ ಆಗ್ಯಾದೇನವ್ವಾ?" ಅಂತ. ಇವಳು ಬೆರಳಲ್ಲಿ ಉಜ್ಜಿ ತಲೆ ಅಲ್ಲಾಡಿಸಿದರೆ ಮಾತ್ರ ಮೋಟಾರ್ ಬಂದ್. ಮಂಗಳವಾರ ಬೆಳಿಗ್ಗೆ ತಾನೇ ಎದ್ದು ತಲೆ ಬಾಚಿಸಿಕೊಳ್ಳಲು ಕೂರ್ತಾಳೆ. ಮೊನ್ನೆ ಜ್ವರ ಬಂದು ಹೋಗಲಿಲ್ಲ. ಮಾರನೇ ದಿನ ಗಿರಣಿಯವನೇ ಸೈಕಲ್ ಮೇಲೆ ಬಂದು, "ನಿನ್ನಿ ಯಾಕ ಬರ್ಲಿಲ್ಲ ನಮ್ಮ ಸಾಹೇಬ್ರು?" ಅಂತ ಕೇಳಿ ಹೋದ.

ಬರೆಯುತ್ತಾ ಬರೆಯುತ್ತಾ ಗೊತ್ತಾಯಿತು, ಇದೂ ಹೊರಗೆ ಹೋಗೋದೇ ಅಲ್ವಾ. ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾಲ್ಕು ಗಾಲಿ

ಯಾಕೆ ಬರಲಿಲ್ಲ ಅಂತ ಕೇಳುವವರು ಒಬ್ಬರಿದ್ದರೆ ಸಾಕು ತಾಯಿ. ನನ್ನನ್ನು ಎಲ್ಲ ಕಾರ್ಯಕ್ರಮಕ್ಕೂ ಕರೀತಾರೆ, ಅಂಗವಿಕಲರ ದಿನ ಡಿಸೆಂಬರ್ 3ಕ್ಕಂತೂ ಮೂರು ಕಡೆಯಿಂದ. ಹೋಗದಿದ್ದರೆ ಯಾರಿಗೂ ಗೊತ್ತೇ ಆಗೋದಿಲ್ಲ, ಶಾಲು ಇನ್ನೊಬ್ಬರ ಹೆಗಲಿಗೆ ಬೀಳುತ್ತೆ.

ತೊಗರಿ ಹೊಲ · ಆಳಂದ ತಾಲ್ಲೂಕು

ನಾನು ಗ್ರಾಮ ಪಂಚಾಯ್ತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ. ನನಗೂ ಪೋಲಿಯೊ. ಕಾಗದದ ವಿಷಯ ಬೇಡ ಅಂದಿದ್ದಾರೆ ಅಕ್ಕ, ಆದರೂ ಬೆರೆಯೋದಕ್ಕೆ ಸಂಬಂಧಪಟ್ಟಷ್ಟು ಹೇಳ್ತೀನಿ.

ಬಸ್ ಪಾಸ್ ಮಾಡಿಸಿಟ್ಟು ಪೆಟ್ಟಿಗೆಯಲ್ಲಿ ಇಡುವವರು ಬಹಳ. ಅದು ಮನೆಯಿಂದ 100 ಕಿ.ಮೀ. ಒಳಗೆ ನಡೆಯುತ್ತದೆ. ಕಲಬುರಗಿಯವರಿಗೆ ಯಾದಗಿರಿ ಸಿಗುತ್ತದೆ, ಬೀದರ್ ತಲುಪುವ ಮೊದಲೇ ಕಿಲೋಮೀಟರ್ ಮುಗಿಯುತ್ತದೆ. ಅದಕ್ಕೆ ರೈಲು ನೋಡಿ. ಒಬ್ಬರೇ ಓಡಾಡಲಾಗದವರಿಗೆ ಸ್ಲೀಪರ್‌ನಲ್ಲಿ ಶೇ 75ರವರೆಗೆ ರಿಯಾಯಿತಿ, ಜೊತೆಗೆ ಬರುವವರಿಗೂ ಅಷ್ಟೇ. ಜೊತೆಗೆ ಅಪ್ಪನೇ ಬರಬೇಕು ಅಂತ ಎಲ್ಲೂ ಬರೆದಿಲ್ಲ, ಗೆಳೆಯ ಬರಬಹುದು!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯ ಇವೆ. 1995ರದ್ದರಲ್ಲಿ 7 ಇದ್ದವು. ಆದರೂ ಊರಲ್ಲಿ ಕಾಲಿಲ್ಲದವರನ್ನೇ ಲೆಕ್ಕ ಹಿಡೀತಾರೆ. ತಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇರುವ ಹುಡುಗಿ, ಕಲಿಕೆ ತೊಂದರೆ ಇರುವ ಹುಡುಗ ನಮ್ಮ ಪಟ್ಟಿಗೇ ಬರೋದಿಲ್ಲ.

ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ 5ನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು. ಬಹಳ ಕಡೆ ಒಂದು ಸೈಕಲ್ಲೋ ಹೊಲಿಗೆ ಯಂತ್ರವೋ ಕೊಟ್ಟು ಫೋಟೋ ತೆಗೆಸಿ ಮುಗಿಸ್ತಾರೆ. ಆ ದುಡ್ಡಿನಲ್ಲಿ ಗ್ರಂಥಾಲಯದ ಬಾಗಿಲಿಗೆ ಇಳಿಜಾರು ಮಾಡಿಸಿ ಅಂತ ಕೇಳುವವರು ಬೇಕು. ನಮಗಾಗಿಯೇ ವಿಶೇಷ ಗ್ರಾಮಸಭೆ ಇರುತ್ತದೆ. ಒಂದು ಊರಲ್ಲಿ ಅದನ್ನು ಮೇಲ್ಮಹಡಿಯಲ್ಲಿ ಇಟ್ಟಿದ್ದರು. ನಾವು ಕೆಳಗೇ ಬೇವಿನ ಮರದ ನೆರಳಲ್ಲಿ ಕೂತೆವು, ಸಭೆ ಕೆಳಗಿಳಿದು ಬಂತು. ಆ ದಿನದಷ್ಟು ಚಂದ ಸಭೆ ಮತ್ತೆ ಆಗಲಿಲ್ಲ.

ಇನ್ನೊಂದು ನೋಡಿದ್ದೇನೆ. ಹುಡುಗನ ಹೆಸರು ಕೇಳಿದರೆ ಅಪ್ಪ ಹೇಳ್ತಾನೆ, ವಯಸ್ಸು ಕೇಳಿದರೆ ಅವ್ವ ಹೇಳ್ತಾಳೆ, ಏನು ಬೇಕು ಅಂದರೆ ಇಬ್ಬರೂ ಹೇಳ್ತಾರೆ.

ಫಿಸಿಯೋ ಓದುತ್ತಿದ್ದೇನೆ

ಮಧ್ಯೆ ಒಂದು ಮಾತು. ಯುರೋಪಿನ ಏಳು ದೇಶಗಳ 9 ಪ್ರದೇಶಗಳಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 818 ಮಕ್ಕಳ ಬಗ್ಗೆ ಒಂದು ದೊಡ್ಡ ಅಧ್ಯಯನ ಆಗಿದೆ, ಹೆಸರು ಸ್ಪಾರ್ಕಲ್, 2009ರಲ್ಲಿ ಪ್ರಕಟವಾಯಿತು. 8ರಿಂದ 12 ವಯಸ್ಸಿನವರು. ತೊಂದರೆ ಒಂದೇ ಮಟ್ಟದ್ದಾದರೂ ಒಂದು ಕಡೆಯ ಮಕ್ಕಳು ಆಟ, ಓಡಾಟ, ಗೆಳೆತನದಲ್ಲಿ ಜಾಸ್ತಿ ಇದ್ದರು, ಇನ್ನೊಂದು ಕಡೆಯವರು ಕಡಿಮೆ. ಅಂದರೆ ಕಾಲಿನ ಬಿಗಿತ ಒಂದೇ ಕಾರಣ ಅಲ್ಲ, ಇರುವ ಜಾಗವೂ ಕಾರಣ. ನನಗೆ ಅದರಲ್ಲಿ ತಟ್ಟಿದ್ದು ಇನ್ನೊಂದು ವಿಷಯ, ನೋವು. ಪದೇ ಪದೇ ನೋವಿರುವ ಮಕ್ಕಳು ಬೆರೆಯುವುದು ಕಡಿಮೆ ಇತ್ತು. ಅಕ್ಕಾ, ತಮ್ಮನಿಗೆ ನೋವಿದೆಯಾ ಅಂತ ಕೇಳಿದ್ದೀರಾ? ಬಿಗಿ ಇರುವವರಿಗೆ ಸೊಂಟ, ತೊಡೆ ನೋಯುವುದು ಸಾಮಾನ್ಯ. ಅಭ್ಯಾಸ ಆಗಿರುತ್ತದೆ, ಹೇಳುವುದಿಲ್ಲ. ನಾವು ಮೂಡ್ ಇಲ್ಲ ಅಂದುಕೊಳ್ಳುತ್ತೇವೆ.

ಬಿಸಿಲೂರ ಅಕ್ಕ · ಬುಧವಾರ

ಕೇಳಿದೆ. ಎಡ ತೊಡೆ ಸಂಧಿ ಎರಡು ವರ್ಷದಿಂದ ನೋಯುತ್ತಿದೆಯಂತೆ. "ನೀವು ಕೇಳ್ಲಿಲ್ಲ" ಅಂದ. ಮುಂದಿನ ವಾರ ತೋರಿಸುತ್ತೇವೆ.

ಇನ್ನೊಂದು ಖುಷಿ ಸುದ್ದಿ. ಮಾಸ್ತರ್ ಬರೆದದ್ದು ಓದಿ ನಿನ್ನೆ ಓಣಿ ಹುಡುಗರ ಜೊತೆ ಮಾತಾಡಿದೆ. ರವಿವಾರದ ಮ್ಯಾಚಿಗೆ ತಮ್ಮನನ್ನು ಕರೆದುಕೊಂಡು ಬನ್ನಿ, ಸ್ಕೋರ್ ಬರೆಯಲಿ ಅಂದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂದಿದ್ದೆ ನಾನು, ಈಗ ಲೆಕ್ಕವೇ ಅವನ ಕೈಗೆ!

ಗೆಜ್ಜೆ ಚೆಂಡು

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. ಸ್ಕೋರ್ ಬರೆಯೋದೂ ಚೀಲ ಕಾಯೋದೂ ನನಗೆ ಒಂದೇ ಥರ ಕೇಳಿಸುತ್ತಿದೆ. ಹುಡುಗರನ್ನು ಕೇಳಿದಿರಿ, ಮಾಸ್ತರರ ಮಾತು ಕೇಳಿದಿರಿ, ನಮ್ಮನ್ನೂ ಕೇಳಿದಿರಿ. ಅವನನ್ನು ಕೇಳಿದಿರಾ?

ಪಿ.ಟಿ. ಮಾಸ್ತರ

ಸ್ವಲ್ಪ ತಡಿ ತಮ್ಮಾ. ಸ್ಕೋರ್ ಬರೆಯುವವನ ಸುತ್ತ ಹುಡುಗರು ಸೇರ್ತಾರೆ, ಜಗಳ ಆಡ್ತಾರೆ. ಚೀಲ ಕಾಯುವವನ ಹತ್ತಿರ ಯಾರೂ ಬರೋದಿಲ್ಲ. ಎರಡೂ ಒಂದೇ ಅಲ್ಲ. ಆದರೆ ಕೇಳಬೇಕು ಅನ್ನೋದು ಖರೇ.

ಬಿಸಿಲೂರ ಅಕ್ಕ

ಕೇಳಿರಲಿಲ್ಲ. ಈಗ ಫೋನು ಅವನ ಕೈಗೇ ಕೊಡುತ್ತಿದ್ದೇನೆ. ಒಂದೇ ಬೆರಳಲ್ಲಿ ಟೈಪ್ ಮಾಡ್ತಾನೆ, ಸ್ವಲ್ಪ ಕಾಯಿರಿ.

ಬಿಸಿಲೂರ ಅಕ್ಕ

ನಾನು ತಮ್ಮ. ನನಗೆ ಕ್ರಿಕೆಟ್ ಇಷ್ಟ ಇಲ್ಲ. ಯಾವತ್ತೂ ಇರಲಿಲ್ಲ.

ಲಗ್ನಕ್ಕೆ ಹೋಗದಿದ್ದರೂ ನಡೆಯುತ್ತದೆ. ಕಟಿಂಗ್ ಅಂಗಡಿಗೆ ಹೋಗಬೇಕು. ಚಿಕ್ಕಂದಿನಿಂದ ಕಟಿಂಗ್ ಮಾಡುವವರು ಮನೆಗೇ ಬರುತ್ತಾರೆ. ಹಿತ್ತಲಲ್ಲಿ ಕೂರಿಸಿ, ಅವ್ವನ ಹಳೆ ಸೀರೆ ಹೊದಿಸಿ, ಎಲ್ಲ ಸಣ್ಣಗೆ ತೆಗೆದು ಹೋಗುತ್ತಾರೆ. ಕನ್ನಡಿ ಇರುವುದಿಲ್ಲ. ಅಂಗಡಿಯಲ್ಲಿ ತಿರುಗುವ ಕುರ್ಚಿ ಇದೆ, ಮುಂದೆ ಹಿಂದೆ ಕನ್ನಡಿ ಇದೆ, ಟಿವಿ ಇದೆ. ಹುಡುಗರು ಕಟಿಂಗ್ ಇಲ್ಲದಿದ್ದರೂ ಬಂದು ಕೂರುತ್ತಾರೆ. ಅಲ್ಲಿ ಏನು ಮಾತಾಡುತ್ತಾರೆ ಅಂತ ನನಗೆ ಕೇಳಬೇಕು.

ನಾಲ್ಕು ಗಾಲಿ

ಬಂದ ನೋಡು ಗಂಡು! ಮೆಟ್ಟಿಲು ಎಷ್ಟು?

ಬಿಸಿಲೂರ ಅಕ್ಕ

ಎರಡು. ತಮ್ಮನೇ ಬರೆಯುತ್ತಿದ್ದೇನೆ. ಒಂದೊಂದು ಏಳು ಇಂಚು ಇರಬಹುದು. ನನ್ನನ್ನು ಎತ್ತಿಕೊಂಡು ಹೋಗುವುದು ಬೇಡ. 19 ವರ್ಷ ನನಗೆ.

ನಾಲ್ಕು ಗಾಲಿ

ಎತ್ತೋದು ಬೇಕಿಲ್ಲ. 14 ಇಂಚಿಗೆ 14 ಅಡಿ ಇಳಿಜಾರು ಬೇಕು, ಅಂಗಡಿಯವನು ರಸ್ತೆಯಲ್ಲಿ ಕಟ್ಟಬೇಕಾಗುತ್ತೆ, ಅದು ಬಿಡು. ಕುರ್ಚಿ ಹಿಂದುಮುಂದು ಮಾಡಿಸು. ದೊಡ್ಡ ಗಾಲಿ ಮೆಟ್ಟಿಲಿಗೆ ತಾಗಿರಬೇಕು, ಬ್ರೇಕ್ ಬಿಟ್ಟಿರಬೇಕು. ಹಿಂದೆ ಒಬ್ಬ ಹಿಡಿಕೆ ಹಿಡಿದು ತನ್ನ ಕಡೆ ವಾಲಿಸಿ ಎಳೀಬೇಕು, ಮುಂದೆ ಒಬ್ಬ ಚೌಕಟ್ಟಿನ ಕಬ್ಬಿಣ ಹಿಡಿದು ತಳ್ಳಬೇಕು. ಕಾಲಿಡುವ ಹಲಗೆ ಹಿಡಿಯೋಕೆ ಬಿಡಬೇಡ, ಕೈಗೆ ಬಂದುಬಿಡುತ್ತೆ. ಒಂದೊಂದೇ ಮೆಟ್ಟಿಲು. ಯಾವಾಗ ಎಳೀಬೇಕು ಅಂತ ಹೇಳುವವನು ನೀನು. ನೀನು "ಹೂಂ" ಅನ್ನುವವರೆಗೆ ಯಾರೂ ಎಳೆಯಬಾರದು.

ತೊಗರಿ ಹೊಲ

ಅಕ್ಕಾ, ನೀವು ಅಂಗಡಿಯೊಳಗೆ ಹೋಗಬೇಡಿ. ನೀವಿದ್ದರೆ ಅವರು ನಿಮ್ಮನ್ನೇ ಕೇಳ್ತಾರೆ.

ಒಬ್ಬ ತಾಯಿ

ಹೊರಗೆ ನಿಲ್ಲೋದು ಕಷ್ಟ ಇದೆ ಮಗಳೇ. ಪಕ್ಕದಲ್ಲಿ ತರಕಾರಿ ಅಂಗಡಿ ಇದ್ದರೆ ಅಲ್ಲಿ ಹೋಗಿ ನಿಲ್ಲು, ಕೈಗೆ ಕೆಲಸ ಇರುತ್ತೆ.

ಬಿಸಿಲೂರ ಅಕ್ಕ · ರವಿವಾರ ರಾತ್ರಿ

ಹೋಗಿ ಬಂದೆವು. ಅಕ್ಕನೇ ಬರೆಯುತ್ತಿದ್ದೇನೆ. ಅವ್ವ ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದಳು, ಮನೆಗೆ ಬರುವವರನ್ನು ಬಿಟ್ಟು ಯಾಕೆ ಅಂತ. ಓಣಿಯ ಇಬ್ಬರು ಹುಡುಗರು ಬಂದರು, ಸ್ಕೋರ್ ಬರೆಯಲಿ ಅಂದವರೇ. ಮೊದಲ ಮೆಟ್ಟಿಲಿಗೆ ಇವನು "ಹೂಂ" ಅನ್ನುವ ಮೊದಲೇ ಎಳೆದುಬಿಟ್ಟರು. ಇವನು ಅಲ್ಲೇ ಬೈದ, ಅವರೂ ತಿರುಗಿ ಬೈದರು, ಎರಡನೇದು ಸರಿಯಾಗಿ ಹತ್ತಿತು. ಅಂಗಡಿಯವರು ಹೊರಗೆ ಬಂದು ನನ್ನನ್ನು ನೋಡಿ "ಹೆಂಗ ಕಟ್ ಮಾಡ್ಲಿ ಅಕ್ಕಾ?" ಅಂದರು. ನಾನು ಮಾತಾಡದೆ ತರಕಾರಿ ಅಂಗಡಿಗೆ ಹೋದೆ. ಬೇಕಿಲ್ಲದ ಎರಡು ಕೆಜಿ ಬದನೆಕಾಯಿ ತಂದಿದ್ದೇನೆ.

ಮುಕ್ಕಾಲು ಗಂಟೆ ಒಳಗಿದ್ದ. ಒಮ್ಮೆ ಎಲ್ಲರೂ ಜೋರಾಗಿ ನಕ್ಕದ್ದು ಕೇಳಿಸಿತು. ಏನು ಅಂತ ಬಂದ ಮೇಲೆ ಕೇಳಿದೆ. "ಏನಿಲ್ಲ, ಸುಮ್ನೆ" ಅಂದ. ಕೈಮಾತು ಅಕ್ಕಾ, ನಿಮ್ಮ ನೆನಪಾಯಿತು.

ಕೈಮಾತು

ಈ ಸಲ ಅವನಿಗೆ ಮಾಫಿ.

ಗೆಜ್ಜೆ ಚೆಂಡು

ಕಟಿಂಗ್ ಹೇಗಾಗಿದೆ? ಫೋಟೋ ಹಾಕಬೇಡಿ, ಬರೆದು ಹೇಳಿ.

ಬಿಸಿಲೂರ ಅಕ್ಕ

ತಮ್ಮ ಬರೆಯುತ್ತಿದ್ದೇನೆ. ಎರಡೂ ಪಕ್ಕ ಬೋಳು, ಮೇಲೆ ಉದ್ದ. ಎಡಗಡೆ ಸ್ವಲ್ಪ ಏರುಪೇರಾಗಿದೆ, ನನ್ನ ತಲೆ ಅಲ್ಲಾಡಿತು. ಕೋಳಿ ಹಂಗ ಕಾಣ್ತೀದಿ ಅಂತ ಅವ್ವ ಬೈದಳು. ಅಪ್ಪ ಏನೂ ಅನ್ನಲಿಲ್ಲ. ಅಂಗಡಿಯವರು 20 ರೂಪಾಯಿ ಜಾಸ್ತಿ ತೆಗೆದುಕೊಂಡರು ಅಂತ ಹುಡುಗರು ಹೇಳಿದರು. ಮುಂದಿನ ತಿಂಗಳು ಬೇರೆ ಅಂಗಡಿಗೆ ಹೋಗುತ್ತೇನೆ. ಅಲ್ಲಿ ಮೆಟ್ಟಿಲು ಮೂರು.